ಎಕ್ಟೊದ ದಿನಾಂಕ, ಸಮಯದ ಟೈಪ್‌ಗಳು: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಪ್ರಾಜೆಕ್ಟ್‌ನಲ್ಲಿ ಒಂದು ಟೆಸ್ಟ್ ಇತ್ತು. ಬಹುತೇಕ ಸಲ ಫೇಲ್ ಆಗುತ್ತಿತ್ತು, ಯಾವಾಗಲೋ ಒಮ್ಮೆ ಪಾಸ್ ಆಗುತ್ತಿತ್ತು. ಟೆಸ್ಟ್ ಮಾಡುತ್ತಿದ್ದ ಕೆಲಸ ತುಂಬಾ ಸರಳ. ಎರಡು ಕಾಮೆಂಟ್ ಸೇರಿಸುವುದು, ಹೊಸದು ಮೇಲೆ ಬರುವ ಹಾಗೆ ಪಟ್ಟಿ ತೆಗೆಯುವುದು, ಎರಡನೇ ಕಾಮೆಂಟ್ ಮೊದಲು ಬಂದಿದೆಯಾ ಅಂತ ನೋಡುವುದು. ಅಷ್ಟೇ. ಕ್ವೆರಿಯಲ್ಲಿ ತಪ್ಪು ಹುಡುಕಿ ಹುಡುಕಿ ಅರ್ಧ ದಿನ ಹೋಯಿತು. ಕೊನೆಗೆ ನೇರವಾಗಿ ಡೇಟಾಬೇಸ್‌ಗೇ ಹೋಗಿ ಆ ಎರಡು ಸಾಲು ತೆಗೆದು ನೋಡಿದೆ. ಎರಡಕ್ಕೂ ಒಂದೇ ಸಮಯ, 10:42:17. ಸೆಕೆಂಡ್ ಆದ ಮೇಲೆ ಏನೂ ಇಲ್ಲ. ಕಾಲಮ್‌ನ ಟೈಪ್ ನೋಡಿದರೆ ಟೈಮ್‌ಸ್ಟ್ಯಾಂಪ್ ಅಂತ ಇತ್ತು, ಪಕ್ಕದಲ್ಲಿ ಬ್ರಾಕೆಟ್ ಒಳಗೆ ಒಂದು 0. ಸೆಕೆಂಡ್‌ಗಿಂತ ಚಿಕ್ಕದನ್ನು ಇಟ್ಟುಕೊಳ್ಳಬೇಡ ಅಂತ ಆ ಸೊನ್ನೆಯ ಅರ್ಥ. ಎರಡು ಇನ್ಸರ್ಟ್‌ಗಳ ನಡುವೆ ಗಡಿಯಾರದ ಸೆಕೆಂಡ್ ಬದಲಾದರೆ ಮಾತ್ರ ಟೆಸ್ಟ್ ಪಾಸ್, ಇಲ್ಲದಿದ್ದರೆ ಫೇಲ್. ಇನ್ನೊಂದು ಹಳೇ ಟೆಸ್ಟ್‌ನಲ್ಲಿ ಯಾರೋ ಒಂದು ಸೆಕೆಂಡ್ ಸ್ಲೀಪ್ ಹಾಕಿಟ್ಟಿದ್ದರು. ಅದು ಯಾಕೆ ಅಂತ ಆವತ್ತು ಗೊತ್ತಾಯಿತು.

ಅಲ್ಲಿಂದ ಶುರುವಾಗಿ ಎಕ್ಟೊದ ಸಮಯದ ಟೈಪ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾ ಬಂದಿದ್ದೇನೆ. ಎಲಿಕ್ಸರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಎಕ್ಟೊ ಹೊಸದಲ್ಲ. ಮಾಡದವರಿಗೆ ಎರಡು ಮಾತು: ಇದು ಡೇಟಾಬೇಸ್ ಲೈಬ್ರರಿ, ಆದರೆ ತನ್ನೊಳಗೆ ಸ್ಥಿತಿ ಇಟ್ಟುಕೊಂಡು ಯಾವಾಗಲೋ ತಾನೇ ಸೇವ್ ಮಾಡುವ ಆಬ್ಜೆಕ್ಟ್‌ಗಳು ಇಲ್ಲಿಲ್ಲ. ಸಾಲು ಅಂದರೆ ಬರೀ ಡೇಟಾ. ಬದಲಾವಣೆ ಅಂದರೆ ಚೇಂಜ್‌ಸೆಟ್ ಅನ್ನುವ ಇನ್ನೊಂದು ಡೇಟಾ. ಕ್ವೆರಿಯೂ ಡೇಟಾ. ಎಲ್ಲವೂ ಫಂಕ್ಷನ್‌ನಿಂದ ಫಂಕ್ಷನ್‌ಗೆ ಹೋಗುತ್ತದೆ, ಕೊನೆಯಲ್ಲಿ ಮಾತ್ರ ಡೇಟಾಬೇಸ್ ಮುಟ್ಟುತ್ತದೆ. ಹಾಗಾಗಿ ಸಮಯ ಯಾವ ಜಾಗದಲ್ಲಿ ಯಾವ ರೂಪಕ್ಕೆ ಬದಲಾಗುತ್ತದೆ ಅಂತ ಕೈಯಿಟ್ಟು ತೋರಿಸಬಹುದು. ನನಗೆ ಇದು ತುಂಬಾ ಇಷ್ಟ.

ಇನ್ನೊಂದು ಒಳ್ಳೆಯ ಸಂಗತಿ, ದಿನಾಂಕಕ್ಕೆ ಎಲ್ಲರೂ ಒಂದೇ ಟೈಪ್ ಬಳಸುತ್ತಾರೆ. 2016ರಲ್ಲಿ ಎಲಿಕ್ಸರ್ 1.3 ಬಂದಾಗ ಡೇಟ್, ಟೈಮ್, ನೇವ್ ಡೇಟ್‌ಟೈಮ್, ಡೇಟ್‌ಟೈಮ್ ಅಂತ ನಾಲ್ಕು ಟೈಪ್ ಭಾಷೆಯ ಒಳಗೇ ಬಂದವು. ಅದಕ್ಕೆ ಮುಂಚೆ ಎಕ್ಟೊ ತನ್ನದೇ ಟೈಪ್‌ಗಳನ್ನು ಇಟ್ಟುಕೊಂಡಿತ್ತು. 2018ರ ಎಕ್ಟೊ 3.0ರಲ್ಲಿ ಅವನ್ನು ಪೂರ್ತಿ ಕಿತ್ತುಹಾಕಿದರು. ಒಂದು ಲೈಬ್ರರಿಯ ದಿನಾಂಕವನ್ನು ಇನ್ನೊಂದರ ದಿನಾಂಕಕ್ಕೆ ಬದಲಿಸುವ ಕೆಲಸ ಈಗ ಇಲ್ಲವೇ ಇಲ್ಲ. ಬೇರೆ ಭಾಷೆಗಳಲ್ಲಿ ಅದೊಂದೇ ಕೆಲಸಕ್ಕೆ ಫೈಲ್‌ಗಟ್ಟಲೆ ಕೋಡ್ ಬರೆದವರಿಗೆ ಇದರ ಬೆಲೆ ಗೊತ್ತು.

ಈಗ ಟೈಪ್‌ಗಳ ವಿಷಯ. ಸ್ಕೀಮಾದಲ್ಲಿ, ಅಂದರೆ ಯಾವ ಫೀಲ್ಡ್‌ಗೆ ಯಾವ ಟೈಪ್ ಅಂತ ಬರೆಯುವ ಜಾಗದಲ್ಲಿ, ಮುಖ್ಯವಾಗಿ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಈ ಸಮಯ ಯುಟಿಸಿಯಲ್ಲಿದೆ ಅಂತ ಗೊತ್ತಾ, ಇಲ್ವಾ? ಮೈಕ್ರೊಸೆಕೆಂಡ್ ಬೇಕಾ, ಬೇಡ್ವಾ? ಯುಟಿಸಿ ಡೇಟ್‌ಟೈಮ್, ನೇವ್ ಡೇಟ್‌ಟೈಮ್, ಎರಡಕ್ಕೂ ಹಿಂದೆ ಯುಸೆಕ್ (ಮೈಕ್ರೊಸೆಕೆಂಡ್) ಅಂತ ಸೇರಿಸಿದ ಇನ್ನೊಂದು ರೂಪ. ಹೀಗೆ ನಾಲ್ಕು. ನೇವ್ ಅಂದರೆ ಗೋಡೆಯ ಮೇಲಿನ ಗಡಿಯಾರ ತೋರಿಸುವ ಅಂಕಿ, ಆ ಗೋಡೆ ಯಾವ ಊರಿನದು ಅನ್ನುವ ಮಾಹಿತಿ ಇಲ್ಲ. ಯುಟಿಸಿ ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಕ್ಷಣ.

ನನ್ನ ಮೊದಲ ದೂರು ಇಲ್ಲೇ ಇದೆ. ಪ್ರತಿ ಸಾಲು ಹುಟ್ಟಿದ, ಬದಲಾದ ಸಮಯ ಇಟ್ಟುಕೊಳ್ಳಲು ಟೈಮ್‌ಸ್ಟ್ಯಾಂಪ್ಸ್ ಅಂತ ಸುಮ್ನೆ ಒಂದು ಸಾಲು ಬರೆದರೆ ಎಕ್ಟೊ ಆರಿಸಿಕೊಳ್ಳುವುದು ನೇವ್ ಡೇಟ್‌ಟೈಮ್, ಅದೂ ಸೆಕೆಂಡ್ ಮಟ್ಟದ್ದು. ನಾಲ್ಕರಲ್ಲಿ ಕಡಿಮೆ ಮಾಹಿತಿ ಇಡುವುದೇ ಅದು. ಹಳೇ ಪ್ರಾಜೆಕ್ಟ್‌ಗಳು ಮುರಿಯಬಾರದು ಅಂತ ಹಾಗೇ ಬಿಟ್ಟಿದ್ದಾರೆ, ಅರ್ಥವಾಗುತ್ತದೆ. ಎಲಿಕ್ಸರ್‌ನ ವೆಬ್ ಫ್ರೇಮ್‌ವರ್ಕ್ ಆದ ಫೀನಿಕ್ಸ್‌ನ ಹೊಸ ಜನರೇಟರ್ ಈಗ ಯುಟಿಸಿ ಡೇಟ್‌ಟೈಮ್ ಅಂತಲೇ ಬರೆದುಕೊಡುತ್ತದೆ, ಆದರೆ ಅದೂ ಸೆಕೆಂಡ್ ಮಟ್ಟದ್ದೇ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ನೇರವಾಗಿದೆ. ಮೊದಲ ದಿನವೇ ಸ್ಕೀಮಾಗಳಿಗೆ ಟೈಮ್‌ಸ್ಟ್ಯಾಂಪ್ಸ್ ಆಪ್ಟ್ಸ್‌ನಲ್ಲಿ ಯುಟಿಸಿ ಡೇಟ್‌ಟೈಮ್ ಯುಸೆಕ್ ಅಂತ ಹಾಕಿ, ರೆಪೊ ಕಾನ್ಫಿಗ್‌ನಲ್ಲಿ ಮೈಗ್ರೇಶನ್ ಟೈಮ್‌ಸ್ಟ್ಯಾಂಪ್ಸ್‌ಗೆ ಟೈಮ್‌ಸ್ಟ್ಯಾಂಪ್ ಟಿಝಡ್ ಅಂತ ಹಾಕಿ. ಹತ್ತು ನಿಮಿಷದ ಕೆಲಸ. ಎರಡು ವರ್ಷ ಆದ ಮೇಲೆ ಮಾಡಲು ಹೋದರೆ ವಾರ ಹಿಡಿಯುತ್ತದೆ, ನಮಗೆ ಹಿಡಿಯಿತು.

ಮೈಗ್ರೇಶನ್‌ಗೆ, ಅಂದರೆ ಡೇಟಾಬೇಸ್‌ನಲ್ಲಿ ಟೇಬಲ್, ಕಾಲಮ್ ಮಾಡುವ ಕೋಡ್‌ಗೆ, ಬೇರೆ ಟೈಪ್ ಯಾಕೆ ಅಂತ ಕೇಳಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಮೈಗ್ರೇಶನ್‌ನಲ್ಲಿ ಯುಟಿಸಿ ಡೇಟ್‌ಟೈಮ್ ಅಂತ ಬರೆದರೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹುಟ್ಟುವ ಕಾಲಮ್‌ಗೆ ಟೈಮ್‌ಝೋನ್ ಇರುವುದಿಲ್ಲ. ಅದು ಯುಟಿಸಿ ಅನ್ನುವುದು ಎಕ್ಟೊಗೆ ಮಾತ್ರ ಗೊತ್ತು, ಡೇಟಾಬೇಸ್‌ಗೆ ಗೊತ್ತಿಲ್ಲ. ಟೈಮ್‌ಸ್ಟ್ಯಾಂಪ್ ಟಿಝಡ್ ಅಂದರೆ ಸಮಯದ ಜೊತೆ ಝೋನ್ ಕೂಡ ಉಳಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಎರಡಕ್ಕೂ 8 ಬೈಟ್‌ನಷ್ಟೇ ಜಾಗ. ಎರಡೂ ಮೈಕ್ರೊಸೆಕೆಂಡ್ ಲೆಕ್ಕವೇ. ವ್ಯತ್ಯಾಸ ಇಷ್ಟೇ: ಟಿಝಡ್ ಕಾಲಮ್‌ಗೆ ಬೆಲೆ ಬರುವಾಗ ಪೋಸ್ಟ್‌ಗ್ರೆಸ್ ಅದನ್ನು ಯುಟಿಸಿಗೆ ತಿರುಗಿಸಿ ಇಡುತ್ತದೆ, ತೋರಿಸುವಾಗ ನಿಮ್ಮ ಸೆಶನ್‌ನ ಝೋನ್‌ಗೆ ತಿರುಗಿಸಿ ತೋರಿಸುತ್ತದೆ. ಝೋನ್ ಇಲ್ಲದ ಕಾಲಮ್ ಕೊಟ್ಟ ಅಂಕಿಯನ್ನು ಹಾಗೇ ಇಟ್ಟುಕೊಳ್ಳುತ್ತದೆ.

ಇದರಿಂದ ಏನು ಹಾಳಾಗುತ್ತದೆ? ನಮ್ಮಲ್ಲಿ ಒಬ್ಬರು ಒಂದಿಷ್ಟು ಸಾಲುಗಳನ್ನು ಕೈಯಿಂದ ಸರಿಮಾಡಬೇಕಾಗಿ ಬಂತು. ಕನ್ಸೋಲ್ ತೆರೆದು ಅಪ್‌ಡೇಟ್ ಬರೆದರು, ಸಮಯದ ಜಾಗದಲ್ಲಿ ಡೇಟಾಬೇಸ್‌ನದೇ ನೌ ಫಂಕ್ಷನ್ ಹಾಕಿದರು. ತಪ್ಪು ಕಾಣುವುದಿಲ್ಲ ಅಲ್ವಾ? ಆದರೆ ಅವರ ಸೆಶನ್ ಯುಟಿಸಿಯಲ್ಲಿ ಇರಲಿಲ್ಲ. ಕಾಲಮ್‌ಗೆ ಝೋನ್ ಇಲ್ಲದ ಕಾರಣ ಅವರ ಗಡಿಯಾರದ ಅಂಕಿ ಹಾಗೇ ಒಳಗೆ ಹೋಯಿತು. ಎಕ್ಟೊ ಅದನ್ನು ಯುಟಿಸಿ ಅಂತಲೇ ಓದಿತು. ಕೆಲವು ಆರ್ಡರ್‌ಗಳು ಗಂಟೆಗಟ್ಟಲೆ ಮುಂದಿನ ಸಮಯಕ್ಕೆ ಹೋಗಿ ಕೂತವು. ಇತ್ತೀಚಿನ ಆರ್ಡರ್‌ಗಳ ಪಟ್ಟಿಯಲ್ಲಿ ಅವೇ ಮೇಲೆ, ಹೊಸದಾಗಿ ಬಂದವೆಲ್ಲ ಅವುಗಳ ಕೆಳಗೆ. ಕಾಲಮ್ ಟಿಝಡ್ ಆಗಿದ್ದರೆ ಅದೇ ಅಪ್‌ಡೇಟ್ ಸರಿಯಾಗಿ ಕೆಲಸ ಮಾಡುತ್ತಿತ್ತು. ನಿಮ್ಮ ಡೇಟಾಬೇಸ್‌ಗೆ ನಿಮ್ಮ ಕೋಡ್ ಒಂದೇ ಬರೆಯುತ್ತದೆ ಅಂತ ಇವತ್ತು ಅನಿಸಬಹುದು. ನಾಳೆ ರಿಪೋರ್ಟ್ ಟೂಲ್ ಬರುತ್ತದೆ, ಇನ್ಯಾರದೋ ಸ್ಕ್ರಿಪ್ಟ್ ಬರುತ್ತದೆ.

ಇನ್ನು ಎಕ್ಟೊ ಹಿಡಿಯುವ ಹಠದ ಬಗ್ಗೆ. ಸೆಕೆಂಡ್ ಮಟ್ಟದ ಫೀಲ್ಡ್‌ಗೆ ಈಗಿನ ಸಮಯವನ್ನು ಮೈಕ್ರೊಸೆಕೆಂಡ್ ಸಮೇತ ನೇರವಾಗಿ ಕೊಟ್ಟು ಇನ್ಸರ್ಟ್ ಮಾಡಿದರೆ ಅದು ಎರರ್ ಎಸೆಯುತ್ತದೆ. ಮೈಕ್ರೊಸೆಕೆಂಡ್ ಖಾಲಿ ಇರಬೇಕಿತ್ತು, ಬಂದಿದ್ದು ಇದು, ಟ್ರಂಕೇಟ್ ಮಾಡಿ ಕೊಡಿ ಅಂತ ಹೇಳುತ್ತದೆ. ಯುಸೆಕ್ ಫೀಲ್ಡ್‌ಗೆ ಮೈಕ್ರೊಸೆಕೆಂಡ್ ಇಲ್ಲದ ಸಮಯ ಕೊಟ್ಟರೆ ಅದಕ್ಕೂ ಎರರ್. ಯುಟಿಸಿ ಅಲ್ಲದ ಝೋನ್‌ನ ಸಮಯ ಕೊಟ್ಟರೂ ಎರರ್. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಇಷ್ಟು ಚಿಕ್ಕ ಕೆಲಸ ತಾನೇ ಮಾಡಿಕೊಳ್ಳಬಾರದಾ ಅಂತ. ಈಗ ಹಾಗೆ ಅನಿಸುವುದಿಲ್ಲ. ಲೈಬ್ರರಿ ತಾನೇ ಕತ್ತರಿಸಿ ಇಟ್ಟಿದ್ದರೆ ನನ್ನ ಕೈಯಲ್ಲಿರುವ ಬೆಲೆಗೂ ಡೇಟಾಬೇಸ್‌ನಿಂದ ವಾಪಸ್ ಬರುವ ಬೆಲೆಗೂ ತಾಳೆ ಆಗುತ್ತಿರಲಿಲ್ಲ. ಜಾವಾದಲ್ಲಿ ಈ ತೊಂದರೆ ಇದೆ. ಅಲ್ಲಿ ಸಮಯ ನ್ಯಾನೊಸೆಕೆಂಡ್ ತನಕ ಹೋಗುತ್ತದೆ, ಪೋಸ್ಟ್‌ಗ್ರೆಸ್ ಮೈಕ್ರೊಸೆಕೆಂಡ್‌ಗೆ ನಿಲ್ಲುತ್ತದೆ, ಇಟ್ಟಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಎಲಿಕ್ಸರ್ ಕೂಡ ಮೈಕ್ರೊಸೆಕೆಂಡ್‌ಗೇ ನಿಲ್ಲುವುದರಿಂದ ಯುಸೆಕ್ ಬಳಸಿದರೆ ಇಟ್ಟಿದ್ದೇ ಸಿಗುತ್ತದೆ.

ಆದರೆ ಇಷ್ಟು ಹಠ ಹಿಡಿಯುವ ಲೈಬ್ರರಿ ಬಾಗಿಲಲ್ಲಿ ಮಾತ್ರ ಸಡಿಲ ಬಿಟ್ಟಿದೆ. ಬಾಗಿಲು ಅಂದರೆ ಕಾಸ್ಟ್, ಹೊರಗಿನಿಂದ ಬಂದ ಫಾರ್ಮ್ ಡೇಟಾವನ್ನು ಚೇಂಜ್‌ಸೆಟ್‌ಗೆ ತರುವ ಫಂಕ್ಷನ್. ಬ್ರೌಸರ್‌ನ ದಿನಾಂಕ-ಸಮಯ ಆರಿಸುವ ಡಬ್ಬಿಯಿಂದ 2024-05-01ಟಿ10:30 ಅನ್ನುವಂಥ ಪಠ್ಯ ಬರುತ್ತದೆ. ಸೆಕೆಂಡ್ ಇಲ್ಲ, ಝೋನ್ ಇಲ್ಲ. ಅದು ಬಳಸುವವರ ಊರಿನ ಸಮಯ. ಯುಟಿಸಿ ಫೀಲ್ಡ್ ಇದನ್ನು ಬೇಡ ಅನ್ನಬೇಕಿತ್ತು. ಅನ್ನುವುದಿಲ್ಲ. ಝೋನ್ ಇಲ್ಲದಿದ್ದರೆ ಯುಟಿಸಿ ಇರಬೇಕು ಅಂತ ಅಂದುಕೊಂಡು ಒಳಗೆ ಬಿಟ್ಟುಬಿಡುತ್ತದೆ. ನೇವ್ ಫೀಲ್ಡ್‌ನದು ಇದರ ಉಲ್ಟಾ: ಪಠ್ಯದ ಕೊನೆಯಲ್ಲಿ ಯುಟಿಸಿಗಿಂತ ಎಷ್ಟು ಗಂಟೆ ಮುಂದೆ ಅಂತ ಸ್ಪಷ್ಟವಾಗಿ ಬರೆದು ಕಳಿಸಿದರೂ ಆ ಭಾಗವನ್ನು ಸದ್ದಿಲ್ಲದೆ ಬಿಸಾಡುತ್ತದೆ. ಎರಡೂ ಕಡೆ ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ಭಾಗ. ಒಳಗಿನ ಡೆವಲಪರ್ ಮೇಲೆ ಕಟ್ಟುನಿಟ್ಟು, ಹೊರಗಿನಿಂದ ಬರುವ ಡೇಟಾ ಮೇಲೆ ನಂಬಿಕೆ. ಉಲ್ಟಾ ಇರಬೇಕಿತ್ತು.

ನಾವು ಮಾಡಿಕೊಂಡ ದಾರಿ: ಫಾರ್ಮ್‌ನಿಂದ ಬರುವ ಸಮಯವನ್ನು ಸ್ಕೀಮಾದಲ್ಲೇ ಒಂದು ವರ್ಚುವಲ್ (ಡೇಟಾಬೇಸ್‌ಗೆ ಹೋಗದ) ನೇವ್ ಫೀಲ್ಡ್‌ಗೆ ಹಾಕುತ್ತೇವೆ, ಬಳಸುವವರ ಝೋನ್‌ನ ಹೆಸರು ಪಕ್ಕದ ಫೀಲ್ಡ್‌ನಲ್ಲಿ ಇರುತ್ತದೆ, ಚೇಂಜ್‌ಸೆಟ್ ಫಂಕ್ಷನ್ ಒಳಗೆ ಎರಡನ್ನೂ ಸೇರಿಸಿ ಯುಟಿಸಿ ಮಾಡಿ ನಿಜವಾದ ಕಾಲಮ್‌ಗೆ ಕೊಡುತ್ತೇವೆ. ಇಪ್ಪತ್ತು ಸಾಲಿನ ಕೋಡ್. ಬರೆದ ಮೇಲೆ ಮತ್ತೆ ಮುಟ್ಟಿಲ್ಲ.

ಆ ಇಪ್ಪತ್ತು ಸಾಲಿನಲ್ಲಿ ಎಲಿಕ್ಸರ್‌ನ ಒಂದು ತುಂಬಾ ಚೆನ್ನಾಗಿರುವ ಗುಣ ಸಿಕ್ಕಿತು. ದಿನಾಂಕ, ಸಮಯ, ಝೋನ್ ಕೊಟ್ಟು ಡೇಟ್‌ಟೈಮ್ ಮಾಡು ಅಂದರೆ ಉತ್ತರ ಯಾವಾಗಲೂ ಒಂದೇ ಥರ ಬರುವುದಿಲ್ಲ. ನ್ಯೂಯಾರ್ಕ್‌ನಲ್ಲಿ 2024ರ ನವೆಂಬರ್ 3ರ ರಾತ್ರಿ 1:30 ಎರಡು ಸಲ ಬಂತು, ಗಡಿಯಾರ ಒಂದು ಗಂಟೆ ಹಿಂದೆ ಹೋಗಿದ್ದರಿಂದ. ಅದೇ ವರ್ಷ ಮಾರ್ಚ್ 10ರಂದು 2:30 ಬರಲೇ ಇಲ್ಲ, ಗಡಿಯಾರ 2ರಿಂದ ಸೀದಾ 3ಕ್ಕೆ ಹಾರಿತು. ಮೊದಲನೆಯದನ್ನು ಕೇಳಿದರೆ ಆಂಬಿಗ್ಯುಯಸ್ ಅಂತ ಹೇಳಿ ಎರಡೂ ಕ್ಷಣಗಳನ್ನು ಕೈಗೆ ಕೊಡುತ್ತದೆ. ಎರಡನೆಯದಕ್ಕೆ ಗ್ಯಾಪ್ ಅಂತ ಹೇಳಿ ಆ ಕಂದಕದ ಆಚೆ ಈಚೆ ಇರುವ ಎರಡು ಕ್ಷಣ ಕೊಡುತ್ತದೆ. ಪ್ಯಾಟರ್ನ್ ಮ್ಯಾಚ್ ಮಾಡಿ ಏನು ಮಾಡಬೇಕು ಅಂತ ನೀವೇ ತೀರ್ಮಾನಿಸಬೇಕು. ನಾವು ಆಂಬಿಗ್ಯುಯಸ್‌ಗೆ ಮೊದಲನೆಯದನ್ನು ತೆಗೆದುಕೊಂಡೆವು, ಗ್ಯಾಪ್‌ಗೆ ಬಳಸುವವರಿಗೇ ಆ ಸಮಯ ಇಲ್ಲ ಅಂತ ಫಾರ್ಮ್‌ನಲ್ಲಿ ತೋರಿಸಿದೆವು. ಈ ಪ್ರಶ್ನೆಯನ್ನು ಕೇಳದೇ ಯಾವುದೋ ಒಂದು ಉತ್ತರ ಕೊಡುವ ಲೈಬ್ರರಿಗಳಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದೆ, ಇಂಥ ಪ್ರಶ್ನೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಒಂದು ಎಚ್ಚರ: ಎಲಿಕ್ಸರ್ ಜೊತೆ ಬರುವ ಝೋನ್ ಡೇಟಾಬೇಸ್‌ಗೆ ಯುಟಿಸಿ ಬಿಟ್ಟು ಬೇರೆ ಗೊತ್ತಿಲ್ಲ. ಟಿಝಡ್‌ಡೇಟಾ ಅಥವಾ ಟಿಝಡ್ ಲೈಬ್ರರಿ ಸೇರಿಸಿ, ಕಾನ್ಫಿಗ್‌ನಲ್ಲಿ ಒಂದು ಸಾಲು ಹಾಕಬೇಕು.

ಮುಂದೆ ನಡೆಯಬೇಕಾದ ಕೆಲಸಗಳಿಗೆ, ಅಂದರೆ ಆರು ತಿಂಗಳ ನಂತರದ ಮೀಟಿಂಗ್‌ನಂಥದ್ದಕ್ಕೆ, ಯುಟಿಸಿ ಒಂದನ್ನೇ ಇಟ್ಟುಕೊಳ್ಳಬೇಡಿ. ದೇಶಗಳು ಗಡಿಯಾರದ ನಿಯಮ ಬದಲಿಸುತ್ತವೆ, ಐಯಾನಾ ಅನ್ನುವ ಸಂಸ್ಥೆಯ ಝೋನ್ ಪಟ್ಟಿ ವರ್ಷಕ್ಕೆ ಹಲವು ಸಲ ಹೊಸದಾಗಿ ಬರುತ್ತದೆ. ಬೆಳಿಗ್ಗೆ 9ಕ್ಕೆ ಅಂತ ಹೇಳಿದವರಿಗೆ 9 ಮುಖ್ಯ, ಯುಟಿಸಿ ಅಂಕಿ ಮುಖ್ಯ ಅಲ್ಲ. ನೇವ್ ಸಮಯ ಒಂದು ಕಾಲಮ್, ಝೋನ್ ಹೆಸರು ಒಂದು ಕಾಲಮ್, ಅದರಿಂದ ಲೆಕ್ಕ ಹಾಕಿದ ಯುಟಿಸಿ ಮೂರನೆಯದು. ನೇವ್ ಟೈಪ್‌ಗೆ ನಿಜವಾದ ಜಾಗ ಇದೇ. ಟಿಝಡ್ ಕಾಲಮ್‌ನಿಂದ ಎಕ್ಟೊಗೆ ಯಾವಾಗಲೂ ಯುಟಿಸಿಯೇ ವಾಪಸ್ ಬರುತ್ತದೆ, ಮೂಲ ಝೋನ್ ಎಲ್ಲೂ ಇರುವುದಿಲ್ಲ, ಹಾಗಾಗಿ ಹೆಸರನ್ನು ನೀವೇ ಉಳಿಸಬೇಕು.

ಈಗ ಹೋಲಿಕೆಯ ವಿಷಯ. ಇದು ಎಕ್ಟೊದ ತಪ್ಪಲ್ಲ, ಭಾಷೆಯದು. ಆದರೂ ಎಕ್ಟೊ ಬಳಸುವವರಿಗೇ ಜಾಸ್ತಿ ತಗಲುತ್ತದೆ. ಕ್ವೆರಿಯ ಒಳಗೆ ಒಂದು ದಿನಾಂಕ ಇನ್ನೊಂದಕ್ಕಿಂತ ದೊಡ್ಡದು ಅಂತ ಬರೆದರೆ ಅದು ಎಸ್‌ಕ್ಯುಎಲ್ ಆಗಿ ಹೋಗುತ್ತದೆ, ಸರಿಯಾದ ಉತ್ತರ ಬರುತ್ತದೆ. ಅದೇ ಚಿಹ್ನೆಯನ್ನು ಕ್ವೆರಿಯ ಹೊರಗೆ, ನಾಲ್ಕು ಸಾಲು ಕೆಳಗೆ ಬರೆದರೆ ತಪ್ಪು ಉತ್ತರ. ಯಾಕೆಂದರೆ ಅಲ್ಲಿ ಎಲಿಕ್ಸರ್ ದಿನಾಂಕದ ಒಳಗಿನ ಫೀಲ್ಡ್‌ಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಹೋಲಿಸುತ್ತದೆ. ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಡೇ ಮೊದಲು, ಆಮೇಲೆ ಮಂತ್, ಕೊನೆಗೆ ಇಯರ್. 2024ರ ಫೆಬ್ರವರಿ 1 ದೊಡ್ಡದಾ, ಜನವರಿ 31 ದೊಡ್ಡದಾ ಅಂತ ಕೇಳಿದರೆ 31 ದೊಡ್ಡದು ಅನ್ನುತ್ತದೆ. ಒಂದೇ ತಿಂಗಳ ದಿನಾಂಕಗಳಲ್ಲಿ ಸರಿಯಾಗಿ ಕೆಲಸ ಮಾಡುವುದರಿಂದ ಟೆಸ್ಟ್‌ಗಳೆಲ್ಲ ಪಾಸ್ ಆಗಿ ತಿಂಗಳ ಕೊನೆಯಲ್ಲಿ ಕೈಕೊಡುತ್ತದೆ. ಡೇಟ್‌ನ ಕಂಪೇರ್ ಫಂಕ್ಷನ್ ಬಳಸಿ, ಅಥವಾ ಎಲಿಕ್ಸರ್ 1.15ರಿಂದ ಬಂದಿರುವ ಬಿಫೋರ್, ಆಫ್ಟರ್ ಬಳಸಿ. 2024ರಲ್ಲಿ ಬಂದ 1.17ರ ಕಂಪೈಲರ್ ಇಂಥ ಹೋಲಿಕೆ ಕಣ್ಣಿಗೆ ಬಿದ್ದರೆ ಎಚ್ಚರಿಕೆ ಕೊಡುತ್ತದೆ. ಆ ಒಂದು ಕಾರಣಕ್ಕೇ ಅಪ್‌ಗ್ರೇಡ್ ಮಾಡಬಹುದು. ಸಮ ಅನ್ನುವ ಚಿಹ್ನೆಗೂ ಇದೇ ಪಾಡು: 10:00:00ಕ್ಕೂ 10:00:00.000000ಕ್ಕೂ ಕ್ಷಣ ಒಂದೇ, ಆದರೆ ಎಷ್ಟು ಅಂಕಿಯ ನಿಖರತೆ ಅನ್ನುವುದು ಬೇರೆ ಇರುವುದರಿಂದ ಎರಡೂ ಸಮ ಅಲ್ಲ ಅನ್ನುತ್ತದೆ.

ಕ್ವೆರಿ ಬರೆಯುವುದು ಹಿತವಾಗಿದೆ. ಏಳು ದಿನದ ಹಿಂದೆ ಅನ್ನಲು ಅಗೋ ಅಂತ ಒಂದು ಫಂಕ್ಷನ್, ಸಮಯಕ್ಕೆ ಕೂಡಿಸಲು ಡೇಟ್‌ಟೈಮ್ ಆಡ್. ದಿನಕ್ಕೆ ಎಷ್ಟು ಆರ್ಡರ್ ಅಂತ ಗುಂಪು ಮಾಡಲು ಹೋದಾಗ ಮಾತ್ರ ಫ್ರಾಗ್ಮೆಂಟ್‌ಗೆ ಇಳಿಯಬೇಕು, ಅಂದರೆ ಎಸ್‌ಕ್ಯುಎಲ್ ತುಂಡನ್ನು ಕೈಯಾರೆ ಬರೆಯಬೇಕು. ಅಲ್ಲಿ ಒಂದು ಗುಂಡಿ ಇದೆ. ಝೋನ್ ಹೆಸರನ್ನು ಪ್ಯಾರಾಮೀಟರ್ ಆಗಿ ಕೊಟ್ಟು ಅದೇ ಫ್ರಾಗ್ಮೆಂಟನ್ನು ಸೆಲೆಕ್ಟ್‌ನಲ್ಲೂ ಗ್ರೂಪ್ ಬೈನಲ್ಲೂ ಬರೆದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ಈ ಕಾಲಮ್ ಗ್ರೂಪ್ ಬೈನಲ್ಲಿ ಇಲ್ಲ ಅನ್ನುತ್ತದೆ. ಅಕ್ಷರಕ್ಕೆ ಅಕ್ಷರ ಒಂದೇ ಬರೆದಿದ್ದೀನಲ್ಲ ಅಂತ ನಾವು ಮೂರು ಜನ ತಲೆ ಕೆರೆದುಕೊಂಡು ಕೂತೆವು. ಎಕ್ಟೊ ಒಂದು ಜಾಗದಲ್ಲಿ ಝೋನ್ ಹೆಸರನ್ನು ಪ್ಯಾರಾಮೀಟರ್ 1 ಅಂತ, ಇನ್ನೊಂದು ಜಾಗದಲ್ಲಿ 2 ಅಂತ ಕಳಿಸುತ್ತದೆ. ಎರಡರಲ್ಲೂ ಒಂದೇ ಬೆಲೆ ಇದೆ ಅಂತ ಪೋಸ್ಟ್‌ಗ್ರೆಸ್‌ಗೆ ಹೇಗೆ ಗೊತ್ತಾಗಬೇಕು? ಸೆಲೆಕ್ಟೆಡ್ ಆ್ಯಸ್ ಅಂತ ಹೆಸರು ಕೊಟ್ಟು, ಗ್ರೂಪ್ ಬೈನಲ್ಲಿ ಆ ಹೆಸರು ಬಳಸಿದರೆ ಸರಿಹೋಗುತ್ತದೆ. ಇನ್ನೊಂದು, ಕಾಲಮ್‌ಗೆ ಝೋನ್ ಇಲ್ಲದಿದ್ದರೆ ಅಟ್ ಟೈಮ್ ಝೋನ್ ಅನ್ನುವುದನ್ನು ಎರಡು ಸಲ ಬರೆಯಬೇಕು, ಮೊದಲು ಇದು ಯುಟಿಸಿ ಅಂತ ಹೇಳಲು, ಆಮೇಲೆ ಬೇಕಾದ ಝೋನ್‌ಗೆ ತಿರುಗಿಸಲು. ಒಂದೇ ಸಲ ಬರೆದರೆ ಎರರ್ ಬರುವುದಿಲ್ಲ, ಲೆಕ್ಕ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಟಿಝಡ್ ಕಾಲಮ್‌ಗೆ ಒಂದೇ ಸಲ ಸಾಕು.

ಅವಧಿಯ ಟೈಪ್ ಬಹಳ ಕಾಲ ಇರಲಿಲ್ಲ. ಎಲಿಕ್ಸರ್ 1.17ರಲ್ಲಿ ಡ್ಯುರೇಶನ್ ಬಂತು, ಎಕ್ಟೊ 3.12 ಅದನ್ನು ಫೀಲ್ಡ್ ಟೈಪ್ ಆಗಿ ತೆಗೆದುಕೊಂಡಿತು. ಒಂದು ತಿಂಗಳು ಅನ್ನುವುದನ್ನು ಸೆಕೆಂಡ್‌ಗೆ ತಿರುಗಿಸದೆ ತಿಂಗಳಾಗಿಯೇ ಇಡಬಹುದು. 2024ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 29 ಬರುತ್ತದೆ. ಚಂದಾ ಕಟ್ಟುವ ತಾರೀಕು ಲೆಕ್ಕ ಹಾಕುವವರಿಗೆ ಇದು ದೊಡ್ಡ ಅನುಕೂಲ.

ಪೋಸ್ಟ್‌ಗ್ರೆಸ್ ಬಿಟ್ಟು ಬೇರೆಯದನ್ನು ನಾನು ಕಡಿಮೆ ಬಳಸಿದ್ದೇನೆ. ಮೈಎಸ್‌ಕ್ಯುಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಕಾಲಮ್ 2038ರ ಜನವರಿ 19ಕ್ಕೆ ಮುಗಿಯುತ್ತದೆ ಅನ್ನುವುದು ನೆನಪಿರಲಿ.

ಬೇರೆ ಫಂಕ್ಷನಲ್ ಲೈಬ್ರರಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ? ಹ್ಯಾಸ್ಕೆಲ್‌ನ ಪರ್ಸಿಸ್ಟೆಂಟ್ ಡೀಫಾಲ್ಟ್ ವಿಷಯದಲ್ಲಿ ಗೆಲ್ಲುತ್ತದೆ. ಯುಟಿಸಿ ಟೈಮ್ ಅಂತ ಬರೆದರೆ ಪೋಸ್ಟ್‌ಗ್ರೆಸ್‌ನಲ್ಲಿ ಝೋನ್ ಇರುವ ಕಾಲಮ್ಮೇ ಹುಟ್ಟುತ್ತದೆ, ಬೇರೆ ಏನೂ ಹೇಳಬೇಕಿಲ್ಲ. ಸ್ಕಾಲಾದ ಡೂಬಿಯಲ್ಲಿ ಜಾವಾದ ಸಮಯದ ಟೈಪ್‌ಗಳಿಗೆ ಯಾವ ಇಂಪೋರ್ಟ್ ಬೇಕು ಅಂತ ನೀವೇ ಆರಿಸಬೇಕು, ಡ್ರೈವರ್ ಹೊಸದಾದರೆ ಒಂದು, ಹಳೆಯದಾದರೆ ಇನ್ನೊಂದು. ಕಂಪೈಲರ್ ಹಿಡಿಯುವ ತಪ್ಪುಗಳ ಮಟ್ಟಿಗೆ ಎರಡೂ ಎಕ್ಟೊಗಿಂತ ಮುಂದೆ. ಎರರ್ ಬಂದಾಗ ಏನು ಮಾಡಬೇಕು ಅಂತ ಸ್ಪಷ್ಟವಾಗಿ ಹೇಳುವುದರಲ್ಲಿ ಎಕ್ಟೊ ಮುಂದೆ. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಡೀಫಾಲ್ಟ್‌ಗೆ, ಅರ್ಧ ಕಾಸ್ಟ್‌ಗೆ.

ಹಳೇ ಪ್ರಾಜೆಕ್ಟ್ ಬದಲಿಸುವವರಿಗೆ ಒಂದು ಮಾತು. ಝೋನ್ ಇಲ್ಲದ ಕಾಲಮನ್ನು ಟಿಝಡ್ ಮಾಡುವಾಗ ಮೈಗ್ರೇಶನ್‌ನಲ್ಲಿ ಯೂಸಿಂಗ್ ಭಾಗ ಬರೆದು, ಈಗಿರುವುದು ಯುಟಿಸಿ ಅಂತ ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಪೋಸ್ಟ್‌ಗ್ರೆಸ್ ಸೆಶನ್‌ನ ಝೋನ್ ಹಿಡಿದು ಎಲ್ಲ ಸಾಲುಗಳನ್ನೂ ಸರಿಸಿಬಿಡುತ್ತದೆ. ಸ್ಕೀಮಾವನ್ನೂ ಅದರ ಜೊತೆಗೇ ಬದಲಿಸಿ, ನೇವ್ ಫೀಲ್ಡ್ ಹಾಗೇ ಉಳಿದರೆ ಟಿಝಡ್ ಕಾಲಮ್‌ಗೆ ಬರೆಯುವಾಗ ಡ್ರೈವರ್ ನಿರಾಕರಿಸುತ್ತದೆ. ನಾವು ಟೇಬಲ್‌ಗೆ ಒಂದರಂತೆ ಮೈಗ್ರೇಶನ್ ಬರೆದೆವು, ದೊಡ್ಡ ಟೇಬಲ್‌ಗಳನ್ನು ಕೊನೆಗೆ ಇಟ್ಟುಕೊಂಡೆವು. ಹಳೇ ಸಾಲುಗಳಲ್ಲಿ ಕತ್ತರಿಸಿಹೋದ ಮೈಕ್ರೊಸೆಕೆಂಡ್‌ಗಳು ವಾಪಸ್ ಬರುವುದಿಲ್ಲ, ಹಾಗಾಗಿ ಸಮಯದ ಮೇಲೆ ಸಾರ್ಟ್ ಮಾಡುವ ಎಲ್ಲ ಕಡೆ ಹಿಂದೆ ಐಡಿಯನ್ನೂ ಸೇರಿಸಿದೆವು. ಅದಾದ ಮೇಲೆ ಆ ಒಂದು ಸೆಕೆಂಡ್ ಸ್ಲೀಪನ್ನು ಅಳಿಸಿದೆ.